ಕರ್ನಾಟಕದ ಹೆದ್ದಾರಿಗಳ ಸಂಖ್ಯಾಕ್ರಮ

ಕರ್ನಾಟಕದ ಹೆದ್ದಾರಿಗಳ ಸಂಖ್ಯಾಕ್ರಮ ಎಂಬುದು ರಾಜ್ಯದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಗಳಿಗೂ ರಾಜ್ಯ ಸರ್ಕಾರದ ಅಧೀನದಲ್ಲಿರುವ ರಾಜ್ಯ ಹೆದ್ದಾರಿಗಳಿಗೂ ನೀಡಲಾಗಿರುವ ಅಧಿಕೃತ ಸಂಖ್ಯೆಗಳ ವ್ಯವಸ್ಥೆ. 2010ರಲ್ಲಿ ಕೇಂದ್ರ ಸರ್ಕಾರವು ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ನಿಗದಿಪಡಿಸಿದ್ದರಿಂದ ಕರ್ನಾಟಕದಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ 4, 7, 13, 17, 48, 63, 206 ಮುಂತಾದ ಸಂಖ್ಯೆಗಳು ಸ್ಥಾನಾಂತರಗೊಂಡವು. ಕೆಲವು ಸಂಖ್ಯೆಗಳು ರಾಜ್ಯದಿಂದ ಹೊರಗೆ ಹೋದವು. ಮತ್ತೆ ಕೆಲವು ರಾಜ್ಯದೊಳಗೇ ಉಳಿದರೂ ಬೇರೆ ರಸ್ತೆಗೆ ಸಂದವು. ಆದ್ದರಿಂದ ಕರ್ನಾಟಕಕ್ಕೆ ಸಂಬಂಧಿಸಿದ ಯಾವುದೇ ದಾಖಲೆಯಲ್ಲಿ ಕಾಣುವ ಹೆದ್ದಾರಿ ಸಂಖ್ಯೆಯನ್ನು ಆ ದಾಖಲೆಯ ಕಾಲದೊಡನೆ ಸೇರಿಸಿ ಓದಬೇಕಾಗುತ್ತದೆ. ಉದಾಹರಣೆಗೆ, 2005ರ ದಾಖಲೆಯಲ್ಲಿ 'ರಾಷ್ಟ್ರೀಯ ಹೆದ್ದಾರಿ 48' ಎಂದರೆ ಬೆಂಗಳೂರಿನಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ರಸ್ತೆ. ಇಂದು ಅದೇ ಸಂಖ್ಯೆ ಬೆಂಗಳೂರಿನಿಂದ ಚಿತ್ರದುರ್ಗ, ಹುಬ್ಬಳ್ಳಿಗಳ ಮೂಲಕ ಬೆಳಗಾವಿಗೆ ಹೋಗುವ ರಸ್ತೆಯನ್ನು ಸೂಚಿಸುತ್ತದೆ.

## ವರ್ಗೀಕರಣ ಮತ್ತು ಆಡಳಿತ

ಭಾರತದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಮತ್ತು ಗ್ರಾಮ ರಸ್ತೆ ಎಂದು ವಿಂಗಡಿಸುವ ಕ್ರಮವು 1943ರಲ್ಲಿ ನಾಗಪುರದಲ್ಲಿ ನಡೆದ ಮುಖ್ಯ ಎಂಜಿನಿಯರುಗಳ ಸಮ್ಮೇಳನದಲ್ಲಿ ರೂಪುಗೊಂಡಿತು. ಇದನ್ನು 'ನಾಗಪುರ ಯೋಜನೆ' ಎಂದು ಕರೆಯುತ್ತಾರೆ. ಸ್ವಾತಂತ್ರ್ಯಾನಂತರ 1956ರ ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮವು ಈ ವರ್ಗೀಕರಣಕ್ಕೆ ಕಾನೂನಿನ ಬಲ ನೀಡಿತು. ಈ ಅಧಿನಿಯಮವು 1957ರ ಏಪ್ರಿಲ್ 15ರಿಂದ ಜಾರಿಗೆ ಬಂದಿತು.

ಅಧಿನಿಯಮದ ಜೊತೆಗಿರುವ ಅನುಸೂಚಿಯಲ್ಲಿ ಪ್ರತಿಯೊಂದು ಹೆದ್ದಾರಿಯ ಸಂಖ್ಯೆ ಹಾಗೂ ಅದು ಜೋಡಿಸುವ ಊರುಗಳ ವಿವರಣೆ ಇರುತ್ತದೆ. ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವ ಮೂಲಕ ಕೇಂದ್ರ ಸರ್ಕಾರವು ಯಾವುದೇ ರಸ್ತೆಯನ್ನು ಈ ಪಟ್ಟಿಗೆ ಸೇರಿಸಬಹುದು, ಪಟ್ಟಿಯಿಂದ ಕೈಬಿಡಲೂಬಹುದು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಹೆದ್ದಾರಿ ಎಂಬುದು ನೆಲದ ಮೇಲಿನ ಡಾಂಬರಿನ ಪಟ್ಟಿಯಷ್ಟೇ ಅಲ್ಲ, ಅನುಸೂಚಿಯಲ್ಲಿನ ಒಂದು ನಮೂದು. ರಸ್ತೆ ಇದ್ದಲ್ಲೇ ಇದ್ದು ನಮೂದು ಬದಲಾಗಬಹುದು, ನಮೂದು ಹಾಗೆಯೇ ಇದ್ದು ರಸ್ತೆ ಪಕ್ಕಕ್ಕೆ ಸರಿಯಲೂಬಹುದು. ಕರ್ನಾಟಕದಲ್ಲಿ ಈ ಎರಡೂ ಬಗೆಯ ಬದಲಾವಣೆಗಳು ನಡೆದಿವೆ.

ರಾಷ್ಟ್ರೀಯ ಹೆದ್ದಾರಿಗಳ ಹೊಣೆ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ್ದು. ಇವುಗಳಲ್ಲಿ ಕೆಲವನ್ನು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ನಿರ್ವಹಿಸುತ್ತದೆ. ಪ್ರಾಧಿಕಾರದ ರಚನೆಗೆ 1988ರಲ್ಲಿ ಅಧಿನಿಯಮವಾಯಿತು, 1995ರಲ್ಲಿ ಅದು ಕಾರ್ಯಾರಂಭ ಮಾಡಿತು. ಉಳಿದ ಭಾಗಗಳನ್ನು ಸಚಿವಾಲಯದ ಪರವಾಗಿ ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗಗಳು ನೋಡಿಕೊಳ್ಳುತ್ತವೆ. ರಾಜ್ಯ ಹೆದ್ದಾರಿಗಳು ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಪೂರ್ಣವಾಗಿ ರಾಜ್ಯದ ಅಧೀನದಲ್ಲಿದ್ದು, 1964ರ ಕರ್ನಾಟಕ ಹೆದ್ದಾರಿಗಳ ಅಧಿನಿಯಮಕ್ಕೆ ಒಳಪಡುತ್ತವೆ.

ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ಬಣ್ಣದಿಂದ ಹೆದ್ದಾರಿಯ ವರ್ಗವನ್ನು ಗುರುತಿಸುವ ಪದ್ಧತಿಯೂ ಇದೆ. ಕಲ್ಲಿನ ತಲೆಭಾಗ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ.

## 2010ಕ್ಕೆ ಮುಂಚಿನ ಸಂಖ್ಯೆಗಳು

1956ರ ನವೆಂಬರ್ 1ರಂದು ಏಕೀಕೃತ ರಾಜ್ಯವು ರೂಪುಗೊಂಡಾಗ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್ ಹಾಗೂ ಮದ್ರಾಸ್ ಪ್ರಾಂತಗಳ ಮತ್ತು ಕೊಡಗಿನ ರಸ್ತೆಗಳು ಒಂದೇ ಆಡಳಿತದ ಅಡಿಯಲ್ಲಿ ಸೇರಿದವು. ಮರುವರ್ಷ ಜಾರಿಗೆ ಬಂದ ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯಲ್ಲಿ ರಾಜ್ಯವನ್ನು ಹಾಯುವ ಕೆಲವು ದೀರ್ಘ ಮಾರ್ಗಗಳಿದ್ದವು. ಠಾಣೆಯಿಂದ ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳ ಮೂಲಕ ಮದ್ರಾಸಿಗೆ ಹೋಗುವ 4, ವಾರಾಣಸಿಯಿಂದ ಬೆಂಗಳೂರಿನ ಮೂಲಕ ಕನ್ಯಾಕುಮಾರಿಗೆ ಹೋಗುವ 7, ಪುಣೆಯಿಂದ ಹೈದರಾಬಾದ್ ಕಡೆಗೆ ಸಾಗುತ್ತ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಭಾಗವನ್ನು ಹಾಯುವ 9, ಸೊಲ್ಲಾಪುರ ಮತ್ತು ಚಿತ್ರದುರ್ಗಗಳನ್ನು ಜೋಡಿಸುವ 13 ಇವುಗಳಲ್ಲಿ ಮುಖ್ಯವಾದವು.

ಮುಂದೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ರಸ್ತೆಗೆ 17 ಎಂಬ ಸಂಖ್ಯೆ ದೊರೆಯಿತು. ಬೆಂಗಳೂರು–ಹಾಸನ–ಮಂಗಳೂರು ರಸ್ತೆ 48 ಆಗಿತ್ತು. ಬೆಳಗಾವಿಯಿಂದ ಅನಮೋಡ ಘಾಟಿಯ ಮೂಲಕ ಪಣಜಿಗೆ ಹೋಗುವ ಕವಲನ್ನು 4ಎ ಎಂದು ಕರೆಯಲಾಯಿತು. 13ನೆಯ ಹೆದ್ದಾರಿಯನ್ನು ಚಿತ್ರದುರ್ಗದಿಂದ ಶಿವಮೊಗ್ಗದ ಮೂಲಕ ಮಂಗಳೂರಿನವರೆಗೆ ವಿಸ್ತರಿಸಲಾಯಿತು. ಅನಂತರ ರಾಷ್ಟ್ರೀಯ ಹೆದ್ದಾರಿಗಳಾದ ರಸ್ತೆಗಳಿಗೆ 206, 207, 209, 212, 218, 234 ಎಂಬಂತೆ ಇನ್ನೂರರ ಮೇಲಿನ ಸಂಖ್ಯೆಗಳು ಬಂದವು.

ಈ ಹಳೆಯ ಪದ್ಧತಿಯಲ್ಲಿ ಸಂಖ್ಯೆಗೂ ದಿಕ್ಕಿಗೂ ಸಂಬಂಧವಿರಲಿಲ್ಲ. 206 ಎಂಬ ಸಂಖ್ಯೆಯನ್ನು ನೋಡಿ ಅದು ದೇಶದ ಯಾವ ಭಾಗದ್ದು, ಯಾವ ದಿಕ್ಕಿನಲ್ಲಿ ಸಾಗುತ್ತದೆ, ಯಾವ ಮುಖ್ಯ ಹೆದ್ದಾರಿಗೆ ಸೇರುತ್ತದೆ ಎಂಬುದನ್ನು ಊಹಿಸುವಂತಿರಲಿಲ್ಲ.

## 2010ರ ಮರುಸಂಖ್ಯೀಕರಣ

2010ರ ಅಧಿಸೂಚನೆಯು ಈ ಕೊರತೆಯನ್ನು ನಿವಾರಿಸಲು ಮೂರು ಸೂತ್ರಗಳನ್ನು ಅನುಸರಿಸಿತು.

1. ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ. ಈ ಸಂಖ್ಯೆಗಳು ದೇಶದ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಏರುತ್ತವೆ.
2. ಪೂರ್ವ–ಪಶ್ಚಿಮವಾಗಿ ಸಾಗುವ ಹೆದ್ದಾರಿಗಳಿಗೆ ಬೆಸಸಂಖ್ಯೆ. ಈ ಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಏರುತ್ತವೆ.
3. ಮುಖ್ಯ ಹೆದ್ದಾರಿಗಳ ಕವಲುಗಳಿಗೆ ಮೂರಂಕಿಯ ಸಂಖ್ಯೆ. ಕೊನೆಯ ಎರಡು ಅಂಕಿಗಳು ಮೂಲ ಹೆದ್ದಾರಿಯನ್ನೂ ಮೊದಲ ಅಂಕಿಯು ಕವಲಿನ ಕ್ರಮವನ್ನೂ ಸೂಚಿಸುತ್ತವೆ. ಮತ್ತಷ್ಟು ಉಪಕವಲುಗಳಿದ್ದರೆ ಎ, ಬಿ, ಸಿ ಮುಂತಾದ ಅಕ್ಷರಗಳನ್ನು ಸೇರಿಸಲಾಗುತ್ತದೆ.

ಕರ್ನಾಟಕದ ಭೂಪಟವು ಈ ಸೂತ್ರಗಳಿಗೆ ಒಳ್ಳೆಯ ನಿದರ್ಶನವಾಗಿದೆ. ರಾಜ್ಯದ ಉತ್ತರ ತುದಿಯ ಹುಮನಾಬಾದಿನಿಂದ ದಕ್ಷಿಣಕ್ಕೆ ಇಳಿಯುತ್ತ ಹೋದರೆ ಪೂರ್ವ–ಪಶ್ಚಿಮದ ಹೆದ್ದಾರಿಗಳು 65 (ಹುಮನಾಬಾದ್), 67 (ಹುಬ್ಬಳ್ಳಿ–ಬಳ್ಳಾರಿ), 69 (ಹೊನ್ನಾವರ–ಶಿವಮೊಗ್ಗ), 73 (ಮಂಗಳೂರು–ತುಮಕೂರು), 75 (ಬಂಟ್ವಾಳ–ಬೆಂಗಳೂರು) ಎಂಬ ಏರಿಕೆಯ ಕ್ರಮದಲ್ಲಿ ಎದುರಾಗುತ್ತವೆ. ನಡುವೆ ಇಲ್ಲದ 71 ನೆರೆಯ ಆಂಧ್ರಪ್ರದೇಶದಲ್ಲಿದೆ. ಹಾಗೆಯೇ ಪೂರ್ವದ ಬಾಗೇಪಲ್ಲಿಯಿಂದ ಪಶ್ಚಿಮದ ಕರಾವಳಿಯ ಕಡೆಗೆ ನಡೆದರೆ ಉತ್ತರ–ದಕ್ಷಿಣದ 44, 50, 52, 66 ಕ್ರಮವಾಗಿ ಸಿಗುತ್ತವೆ. 48 ಮಾತ್ರ ರಾಜ್ಯವನ್ನು ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಸೀಳಿಕೊಂಡು ಹೋಗುವುದರಿಂದ ಈ ಸಾಲಿನಲ್ಲಿ ಅಷ್ಟು ಸರಳವಾಗಿ ಕೂರುವುದಿಲ್ಲ.

ಕವಲುಗಳ ಸಂಖ್ಯೆಗಳೂ ಇದೇ ರೀತಿ ಅರ್ಥಪೂರ್ಣವಾಗಿವೆ. ಬೆಳಗಾವಿಯಲ್ಲಿ 48ರಿಂದ ಕವಲೊಡೆದು ಗೋವಾಕ್ಕೆ ಹೋಗುವ ರಸ್ತೆ 748. ಬೆಂಗಳೂರಿನಲ್ಲಿ 48ರಿಂದ ಹೊರಟು ಕೊಯಮತ್ತೂರಿಗೆ ಹೋಗುವುದು 948. ಶಿವಮೊಗ್ಗದಲ್ಲಿ 69ರಿಂದ ಬೇರ್ಪಟ್ಟು ಮಂಗಳೂರಿನತ್ತ ಇಳಿಯುವುದು 169, ಚಿತ್ರದುರ್ಗದತ್ತ ಹೋಗುವುದು 369. ತೀರ್ಥಹಳ್ಳಿಯಲ್ಲಿ 169ರಿಂದ ಒಡೆದು ಆಗುಂಬೆಯ ಮೂಲಕ ಉಡುಪಿ, ಮಲ್ಪೆಗಳನ್ನು ಸೇರುವುದು 169ಎ.

## ಹಳೆಯ ಮತ್ತು ಹೊಸ ಸಂಖ್ಯೆಗಳು

ಕರ್ನಾಟಕದ ಮುಖ್ಯ ಮಾರ್ಗಗಳ ಹಳೆಯ ಸಂಖ್ಯೆ ಮತ್ತು ಇಂದಿನ ಸಂಖ್ಯೆಗಳನ್ನು ಕೆಳಗಿನ ಕೋಷ್ಟಕದಲ್ಲಿ ನೀಡಲಾಗಿದೆ.

| ಮಾರ್ಗ | ಹಳೆಯ ಸಂಖ್ಯೆ | ಇಂದಿನ ಸಂಖ್ಯೆ |
|---|---|---|
| ನಿಪ್ಪಾಣಿ–ಬೆಳಗಾವಿ–ಹುಬ್ಬಳ್ಳಿ–ಚಿತ್ರದುರ್ಗ–ತುಮಕೂರು–ಬೆಂಗಳೂರು | 4 | 48 |
| ಬೆಂಗಳೂರು–ಹೊಸಕೋಟೆ–ಕೋಲಾರ–ಮುಳಬಾಗಿಲು | 4 | 75 |
| ಬೆಳಗಾವಿ–ಖಾನಾಪುರ–ಅನಮೋಡ–ಪಣಜಿ | 4ಎ | 748 |
| ಬಾಗೇಪಲ್ಲಿ–ಚಿಕ್ಕಬಳ್ಳಾಪುರ–ಬೆಂಗಳೂರು–ಅತ್ತಿಬೆಲೆ | 7 | 44 |
| ಬಸವಕಲ್ಯಾಣ–ಹುಮನಾಬಾದ್ ಭಾಗ | 9 | 65 |
| ಸೊಲ್ಲಾಪುರ–ವಿಜಯಪುರ | 13 | 52 |
| ವಿಜಯಪುರ–ಹೊಸಪೇಟೆ–ಚಿತ್ರದುರ್ಗ | 13 | 50 |
| ಚಿತ್ರದುರ್ಗ–ಹೊಳಲ್ಕೆರೆ–ಶಿವಮೊಗ್ಗ | 13 | 369 |
| ಶಿವಮೊಗ್ಗ–ತೀರ್ಥಹಳ್ಳಿ–ಕಾರ್ಕಳ–ಮಂಗಳೂರು | 13 | 169 |
| ಕಾರವಾರ–ಹೊನ್ನಾವರ–ಉಡುಪಿ–ಮಂಗಳೂರು–ತಲಪಾಡಿ | 17 | 66 |
| ನೆಲಮಂಗಲ–ಹಾಸನ–ಸಕಲೇಶಪುರ–ಬಂಟ್ವಾಳ | 48 | 75 |
| ಅಂಕೋಲಾ–ಯಲ್ಲಾಪುರ–ಹುಬ್ಬಳ್ಳಿ | 63 | 52 |
| ಹುಬ್ಬಳ್ಳಿ–ಗದಗ–ಕೊಪ್ಪಳ–ಹೊಸಪೇಟೆ–ಬಳ್ಳಾರಿ | 63 | 67 |
| ಗುಂಡ್ಲುಪೇಟೆ–ಬಂಡೀಪುರ–ಊಟಿ | 67 | 181 |
| ಹೊನ್ನಾವರ–ಶಿವಮೊಗ್ಗ–ಕಡೂರು–ಬಾಣಾವರ | 206 | 69 |
| ಬಾಣಾವರ–ಅರಸೀಕೆರೆ–ತಿಪಟೂರು–ತುಮಕೂರು | 206 | 73 |
| ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ದೇವನಹಳ್ಳಿ–ಹೊಸಕೋಟೆ–ಹೊಸೂರು | 207 | 648 |
| ಬೆಂಗಳೂರು–ಕನಕಪುರ–ಕೊಳ್ಳೇಗಾಲ–ಚಾಮರಾಜನಗರ–ಸತ್ಯಮಂಗಲ | 209 | 948 |
| ಕೊಳ್ಳೇಗಾಲ–ಮೈಸೂರು–ಗುಂಡ್ಲುಪೇಟೆ–ಕೋಳಿಕ್ಕೋಡ್ | 212 | 766 |
| ಹುಬ್ಬಳ್ಳಿ–ವಿಜಯಪುರ | 218 | 52 |
| ವಿಜಯಪುರ–ಕಲಬುರಗಿ–ಹುಮನಾಬಾದ್ | 218 | 50 |
| ಮಂಗಳೂರು–ಚಾರ್ಮಾಡಿ–ಬೇಲೂರು–ಬಾಣಾವರ | 234 | 73 |
| ಬಾಣಾವರ–ಶಿರಾ–ಮಧುಗಿರಿ–ಚಿಂತಾಮಣಿ–ಮುಳಬಾಗಿಲು | 234 | 69 |

## ಬದಲಾವಣೆಯ ಬಗೆಗಳು

ಮೇಲಿನ ಕೋಷ್ಟಕವನ್ನು ಗಮನಿಸಿದರೆ ಮರುಸಂಖ್ಯೀಕರಣವು ಹಳೆಯ ಫಲಕವನ್ನು ತೆಗೆದು ಹೊಸದನ್ನು ನೆಟ್ಟಷ್ಟು ಸರಳವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಬದಲಾವಣೆಗಳಲ್ಲಿ ನಾಲ್ಕು ಬಗೆಗಳನ್ನು ಗುರುತಿಸಬಹುದು.

ಪೂರ್ಣ ವರ್ಗಾವಣೆ. ಕರಾವಳಿಯ 17 ಇಡಿಯಾಗಿ 66 ಆಯಿತು. ಗೋವಾ ಗಡಿಯ ಮಾಜಾಳಿಯಿಂದ ಕೇರಳ ಗಡಿಯ ತಲಪಾಡಿಯವರೆಗೆ ರಾಜ್ಯದಲ್ಲಿ ಅದರ ಮಾರ್ಗದ ಸ್ವರೂಪ ಬದಲಾಗಲಿಲ್ಲ.

ವಿಭಜನೆ. ಹಳೆಯ 13 ಇದಕ್ಕೆ ಅತ್ಯುತ್ತಮ ಉದಾಹರಣೆ. ಸೊಲ್ಲಾಪುರದಿಂದ ಮಂಗಳೂರಿನವರೆಗೆ ಒಂದೇ ಸಂಖ್ಯೆಯ ಅಡಿಯಲ್ಲಿದ್ದ ರಸ್ತೆಯು 52, 50, 369 ಮತ್ತು 169 ಎಂಬ ನಾಲ್ಕು ಸಂಖ್ಯೆಗಳಿಗೆ ಹಂಚಿಹೋಯಿತು. 13 ಎಂಬ ಸಂಖ್ಯೆ ಈಗ ಅರುಣಾಚಲ ಪ್ರದೇಶದ ಹೆದ್ದಾರಿಯದು. ಹೀಗೆಯೇ ಹಳೆಯ 4 ಇಂದು ಅಂಡಮಾನ್ ದ್ವೀಪಗಳಲ್ಲಿದೆ, ಹಳೆಯ 7 ಪಂಜಾಬಿನ ಫಾಜಿಲ್ಕಾದಿಂದ ಬದರೀನಾಥದ ಕಡೆಗೆ ಹೋಗುವ ರಸ್ತೆಗೆ ಸಂದಿದೆ.

ವಿನಿಮಯ. ಹಾಸನ ಜಿಲ್ಲೆಯ ಬಾಣಾವರದಲ್ಲಿ ಹಳೆಯ 206 ಮತ್ತು 234 ಸಂಧಿಸುತ್ತಿದ್ದವು. ಹೊನ್ನಾವರದಿಂದ ಬಂದ 206 ತುಮಕೂರಿನತ್ತಲೂ ಮಂಗಳೂರಿನಿಂದ ಬಂದ 234 ಶಿರಾದತ್ತಲೂ ಮುಂದುವರಿಯುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಇವೆರಡರ ಪೂರ್ವಾರ್ಧಗಳು ಪರಸ್ಪರ ಅದಲುಬದಲಾದವು. ಹೊನ್ನಾವರದ ರಸ್ತೆಯು 69 ಎಂಬ ಹೆಸರಿನಲ್ಲಿ ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲುಗಳ ಮೂಲಕ ಆಂಧ್ರದ ಚಿತ್ತೂರಿಗೆ ಹೋಗುತ್ತದೆ. ಮಂಗಳೂರಿನ ರಸ್ತೆಯು 73 ಎಂಬ ಹೆಸರಿನಲ್ಲಿ ಅರಸೀಕೆರೆ, ತಿಪಟೂರುಗಳ ಮೂಲಕ ತುಮಕೂರು ಸೇರುತ್ತದೆ. ಆದ್ದರಿಂದ 'ಹಳೆಯ 206 ಎಂದರೆ ಇಂದಿನ 69' ಎಂಬ ರೂಢಿಯ ಮಾತು ಬಾಣಾವರದವರೆಗೆ ಮಾತ್ರ ಸರಿ.

ಮರುಬಳಕೆ. ರಾಜ್ಯದೊಳಗೇ ಒಂದು ರಸ್ತೆಯ ಸಂಖ್ಯೆಯು ಇನ್ನೊಂದಕ್ಕೆ ಹೋದ ಪ್ರಸಂಗಗಳು ಹೆಚ್ಚು ಗೊಂದಲಕ್ಕೆ ಕಾರಣವಾಗಿವೆ. 48ರ ಉದಾಹರಣೆಯನ್ನು ಮೇಲೆ ನೀಡಲಾಗಿದೆ. ಬೆಂಗಳೂರಿನಿಂದ ನೆಲಮಂಗಲದವರೆಗಿನ ರಸ್ತೆಯನ್ನು ಹಳೆಯ 48 ಮತ್ತು ಹೊಸ 48 ಎರಡೂ ಬಳಸುವುದರಿಂದ ಗೊಂದಲ ಮತ್ತಷ್ಟು ಹೆಚ್ಚುತ್ತದೆ. ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ಕುಣಿಗಲ್ಲಿನತ್ತ ಹೋಗುವುದು ಹಳೆಯ 48, ನೇರವಾಗಿ ತುಮಕೂರಿಗೆ ಹೋಗುವುದು ಹೊಸ 48. ಎರಡನೆಯ ಉದಾಹರಣೆ 67. ಹಿಂದೆ ಗುಂಡ್ಲುಪೇಟೆಯಿಂದ ಬಂಡೀಪುರ, ಊಟಿಗಳ ಮೂಲಕ ನಾಗಪಟ್ಟಿಣಕ್ಕೆ ಹೋಗುತ್ತಿದ್ದ ಹೆದ್ದಾರಿಯ ಸಂಖ್ಯೆ ಅದು. ಈಗ ಉತ್ತರ ಕನ್ನಡದ ರಾಮನಗರದಿಂದ ಧಾರವಾಡ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಹಾದು ಆಂಧ್ರದ ಕೃಷ್ಣಪಟ್ಟಣ ಬಂದರಿಗೆ ಹೋಗುವ ಹೆದ್ದಾರಿ 67.

## ಪ್ರಮುಖ ಹೆದ್ದಾರಿಗಳ ಇಂದಿನ ಮಾರ್ಗಗಳು

*ರಾಷ್ಟ್ರೀಯ ಹೆದ್ದಾರಿ 44* ದೇಶದ ಅತ್ಯಂತ ಉದ್ದದ ಹೆದ್ದಾರಿ. ಶ್ರೀನಗರದ ಕಡೆಯಿಂದ ಬಂದು ಬಾಗೇಪಲ್ಲಿಯ ಬಳಿ ಕರ್ನಾಟಕವನ್ನು ಪ್ರವೇಶಿಸಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಬೆಂಗಳೂರುಗಳ ಮೂಲಕ ಅತ್ತಿಬೆಲೆಯಲ್ಲಿ ತಮಿಳುನಾಡನ್ನು ಸೇರಿ ಕನ್ಯಾಕುಮಾರಿಯತ್ತ ಸಾಗುತ್ತದೆ.

*ರಾಷ್ಟ್ರೀಯ ಹೆದ್ದಾರಿ 48* ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬಯಿ, ಪುಣೆಗಳ ಮೂಲಕ ಚೆನ್ನೈಗೆ ಹೋಗುತ್ತದೆ. ನಿಪ್ಪಾಣಿಯ ಬಳಿ ರಾಜ್ಯವನ್ನು ಪ್ರವೇಶಿಸಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳನ್ನು ಹಾಯುತ್ತದೆ. ಬೆಂಗಳೂರಿನಿಂದ ಕೃಷ್ಣಗಿರಿಯವರೆಗೆ ಇದು 44ರೊಂದಿಗೆ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತದೆ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮುಖ್ಯವಾಗಿ ಈ ಮಾರ್ಗವೇ.

*ರಾಷ್ಟ್ರೀಯ ಹೆದ್ದಾರಿ 50* ಮಹಾರಾಷ್ಟ್ರದ ನಾಂದೇಡಿನಿಂದ ಬೀದರ, ಹುಮನಾಬಾದ್, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ, ಇಳಕಲ್, ಕುಷ್ಟಗಿ, ಹೊಸಪೇಟೆ, ಕೂಡ್ಲಿಗಿಗಳ ಮೂಲಕ ಚಿತ್ರದುರ್ಗಕ್ಕೆ ಬಂದು 48ನ್ನು ಕೂಡುತ್ತದೆ. ಕಲ್ಯಾಣ ಕರ್ನಾಟಕವನ್ನು ಮಧ್ಯ ಕರ್ನಾಟಕಕ್ಕೆ ಬೆಸೆಯುವ ಮುಖ್ಯ ಮಾರ್ಗ ಇದು.

*ರಾಷ್ಟ್ರೀಯ ಹೆದ್ದಾರಿ 52* ಪಂಜಾಬಿನ ಸಂಗರೂರಿನಿಂದ ಹೊರಟು ವಿಜಯಪುರ, ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅರಬೈಲು ಘಾಟಿಯನ್ನಿಳಿದು ಅಂಕೋಲಾದಲ್ಲಿ ಕರಾವಳಿಯ 66ನ್ನು ಸೇರುತ್ತದೆ.

*ರಾಷ್ಟ್ರೀಯ ಹೆದ್ದಾರಿ 75* ಬಂಟ್ವಾಳದಿಂದ ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲ, ಬೆಂಗಳೂರು, ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ದಾಟಿ ತಮಿಳುನಾಡಿನ ವೆಲ್ಲೂರಿಗೆ ಹೋಗುತ್ತದೆ. ಮಂಗಳೂರು ಮತ್ತು ಬಂಟ್ವಾಳದ ನಡುವಿನ ಭಾಗವು ಅಧಿಕೃತವಾಗಿ 73ಕ್ಕೆ ಸೇರಿದ್ದರೂ ಜನಬಳಕೆಯಲ್ಲಿ 75 ಎಂದರೆ ಮಂಗಳೂರು–ಬೆಂಗಳೂರು ಹೆದ್ದಾರಿಯೇ.

### ಘಾಟಿ ಮಾರ್ಗಗಳು

ಕರಾವಳಿ ಮತ್ತು ಘಟ್ಟದ ಮೇಲಿನ ಸಂಪರ್ಕವು ಕೆಲವೇ ಘಾಟಿಗಳನ್ನು ಅವಲಂಬಿಸಿದೆ. ಜನರು ಇವನ್ನು ಹೆಸರಿನಿಂದಲೇ ಬಲ್ಲರು. ಆದರೆ ಬದಲಿ ಮಾರ್ಗದ ಪ್ರಕಟಣೆಗಳಲ್ಲಿ ಸಂಖ್ಯೆಗಳೂ ಬರುವುದರಿಂದ ಎರಡನ್ನೂ ತಿಳಿದಿರುವುದು ಉಪಯುಕ್ತ. ಶಿರಾಡಿ 75ರಲ್ಲಿ, ಚಾರ್ಮಾಡಿ 73ರಲ್ಲಿ, ಸಂಪಾಜೆ 275ರಲ್ಲಿ, ಆಗುಂಬೆ 169ಎಯಲ್ಲಿ, ಅರಬೈಲು 52ರಲ್ಲಿ, ಕುಮಟಾ–ಶಿರಸಿ ನಡುವಿನ ದೇವಿಮನೆ 766ಇಯಲ್ಲಿ, ಕೊಲ್ಲೂರಿನ ಮೇಲಿನ ನಾಗೋಡಿ 766ಸಿಯಲ್ಲಿ ಇವೆ.

ಶಿರಾಡಿ ಘಾಟಿಯು ಕಾಂಕ್ರೀಟು ಕಾಮಗಾರಿಗಾಗಿ 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಡಿಕೇರಿ–ಸಂಪಾಜೆ ಮಾರ್ಗವೂ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಮಾರ್ಗವೂ ಭೂಕುಸಿತದಿಂದ ಕಡಿದುಹೋದವು. ಕರಾವಳಿಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಬಳಿ 2024ರ ಜುಲೈ 16ರಂದು 66ರ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಒಂದು ಘಾಟಿ ಮುಚ್ಚಿದೊಡನೆ ಇಡೀ ವಾಹನಸಂಚಾರವು ಉಳಿದ ಮಾರ್ಗಗಳ ಮೇಲೆ ಬೀಳುತ್ತದೆ. ಭಾರಿ ವಾಹನಗಳಿಗೆ ಆಗುಂಬೆಯ ಕಡಿದಾದ ತಿರುವುಗಳಲ್ಲಿ ಅವಕಾಶವಿಲ್ಲದಿರುವುದರಿಂದ ಅವುಗಳಿಗೆ ಉಳಿಯುವ ಆಯ್ಕೆ ಇನ್ನೂ ಕಡಿಮೆ.

## ರಾಜ್ಯ ಹೆದ್ದಾರಿಗಳು ಮತ್ತು ಅವುಗಳ ಮೇಲ್ದರ್ಜೆ

ರಾಜ್ಯ ಹೆದ್ದಾರಿಗಳ ಸಂಖ್ಯೆಗಳು ದಿಕ್ಕನ್ನು ಸೂಚಿಸುವುದಿಲ್ಲ. ಅವು ಕೇವಲ ಕ್ರಮಸಂಖ್ಯೆಗಳು. ರಾಜ್ಯ ಹೆದ್ದಾರಿಯೊಂದು ರಾಷ್ಟ್ರೀಯ ಹೆದ್ದಾರಿಯೆಂದು ಘೋಷಿತವಾದಾಗ ಅದರ ನಿರ್ವಹಣೆಯ ಹೊಣೆಯೂ ವೆಚ್ಚವೂ ಕೇಂದ್ರಕ್ಕೆ ಹೋಗುತ್ತವೆ. ರಾಜ್ಯಗಳು ಮೇಲ್ದರ್ಜೆಗಾಗಿ ಒತ್ತಾಯಿಸುವುದಕ್ಕೆ ಇದೇ ಮುಖ್ಯ ಕಾರಣ.

ಇದಕ್ಕೆ ಪ್ರಸಿದ್ಧ ನಿದರ್ಶನ ಬೆಂಗಳೂರು–ಮೈಸೂರು ರಸ್ತೆ. ರಾಜ್ಯದ ಅತ್ಯಂತ ಜನನಿಬಿಡ ರಸ್ತೆಗಳಲ್ಲಿ ಒಂದಾಗಿದ್ದರೂ ಇದು ಬಹುಕಾಲ ರಾಜ್ಯ ಹೆದ್ದಾರಿ 17 ಆಗಿಯೇ ಉಳಿದಿತ್ತು. ಇದನ್ನು ನಾಲ್ಕು ಪಥಗಳಿಗೆ ವಿಸ್ತರಿಸಿದ್ದೂ ರಾಜ್ಯವೇ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರುಗಳ ಮೂಲಕ ಬಂಟ್ವಾಳಕ್ಕೆ ಹೋಗುವ ರಸ್ತೆ ರಾಜ್ಯ ಹೆದ್ದಾರಿ 88 ಆಗಿತ್ತು. ಇವೆರಡನ್ನೂ ಸೇರಿಸಿ ರಾಷ್ಟ್ರೀಯ ಹೆದ್ದಾರಿ 275 ಎಂದು ಘೋಷಿಸಲಾಯಿತು. ಒಂದು ತುದಿಯಲ್ಲಿ ಬೆಂಗಳೂರು, ಇನ್ನೊಂದು ತುದಿಯಲ್ಲಿ ಬಂಟ್ವಾಳ ಎರಡೂ 75ರ ಮೇಲೆಯೇ ಇರುವುದರಿಂದ ಈ ಸಂಖ್ಯೆಯು ನಿಯಮಕ್ಕೆ ಹೊಂದುತ್ತದೆ.

ಇನ್ನೊಂದು ದೊಡ್ಡ ಮೇಲ್ದರ್ಜೆ 150ಎ. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ಚಾಮರಾಜನಗರದವರೆಗೆ ಸಾಗುವ ಈ ಹೆದ್ದಾರಿಯು ರಾಜ್ಯದ ಉತ್ತರ ಭಾಗವನ್ನು ದಕ್ಷಿಣ ಭಾಗಕ್ಕೆ ಜೋಡಿಸುತ್ತದೆ.

## ಸಂಖ್ಯೆ ಬದಲಾಗದೆ ಮಾರ್ಗ ಬದಲಾದಾಗ

ಹೆದ್ದಾರಿ ವಿಸ್ತರಣೆಯ ಸಂದರ್ಭದಲ್ಲಿ ಊರಿನ ಹೊರವಲಯದಲ್ಲಿ ಬೈಪಾಸ್ ನಿರ್ಮಿಸಿದಾಗ ಹೆದ್ದಾರಿಯ ಸಂಖ್ಯೆಯು ಹೊಸ ರಸ್ತೆಗೆ ಹೋಗುತ್ತದೆ. ಊರೊಳಗಿನ ಹಳೆಯ ಭಾಗವನ್ನು ಸಾಮಾನ್ಯವಾಗಿ ಒಮ್ಮೆ ದುರಸ್ತಿ ಮಾಡಿ ರಾಜ್ಯಕ್ಕೋ ಸ್ಥಳೀಯ ಸಂಸ್ಥೆಗೋ ಒಪ್ಪಿಸಲಾಗುತ್ತದೆ. ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಇಂದಿಗೂ 'ಪಿ.ಬಿ. ರಸ್ತೆ' ಎಂಬ ಹೆಸರು ಬಳಕೆಯಲ್ಲಿದೆ. ಇದು ಪುಣೆ–ಬೆಂಗಳೂರು ರಸ್ತೆ ಎಂಬುದರ ಹ್ರಸ್ವರೂಪ. ಹೆದ್ದಾರಿ ಊರ ಹೊರಗೆ ಸರಿದು, ಅದರ ಸಂಖ್ಯೆಯೂ 4ರಿಂದ 48ಕ್ಕೆ ಬದಲಾದ ಮೇಲೂ ಹಳೆಯ ದಾರಿಯ ಗುರುತನ್ನು ಜನರ ನಾಲಗೆಯು ಉಳಿಸಿಕೊಂಡಿದೆ. ಬೆಂಗಳೂರಿನ ತುಮಕೂರು ರಸ್ತೆ, ಹಳೇ ಮದ್ರಾಸ್ ರಸ್ತೆ, ಹೊಸೂರು ರಸ್ತೆ, ಬಳ್ಳಾರಿ ರಸ್ತೆ, ಕನಕಪುರ ರಸ್ತೆಗಳೂ ಹೀಗೆಯೇ ಸಂಖ್ಯೆಗಳಿಗಿಂತ ಹೆಚ್ಚು ಬಾಳಿಕೆಯ ಹೆಸರುಗಳು.

ಸಂಖ್ಯೆ ಒಂದೇ ಆಗಿದ್ದ ಮಾತ್ರಕ್ಕೆ ರಸ್ತೆಯ ಗುಣಮಟ್ಟ ಒಂದೇ ಆಗಿರುವುದಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಇದಕ್ಕೆ ನೋವಿನ ನಿದರ್ಶನ. ಅದರ ಎರಡೂ ಬದಿಗಳಲ್ಲಿ ಹೆದ್ದಾರಿ ಬಹುಪಥವಾಗಿ ಅಗಲಗೊಂಡ ಮೇಲೂ ಗಬ್ಬೂರು–ನರೇಂದ್ರ ನಡುವಿನ ಸುಮಾರು 30 ಕಿ.ಮೀ. ಭಾಗವು ವಿಭಜಕವಿಲ್ಲದ ದ್ವಿಪಥವಾಗಿಯೇ ವರ್ಷಗಟ್ಟಲೆ ಉಳಿಯಿತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರ ವಾಹನವು ಅಪಘಾತಕ್ಕೀಡಾಗಿ ಹತ್ತಕ್ಕೂ ಹೆಚ್ಚು ಜನ ಮೃತಪಟ್ಟ ಬಳಿಕ ಈ ಭಾಗದ ವಿಸ್ತರಣೆಯ ಬೇಡಿಕೆ ತೀವ್ರವಾಯಿತು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗೆ ಬಿಟ್ಟು ಸಾಗುತ್ತದೆ. 275 ಎಂಬ ಸಂಖ್ಯೆ ಬದಲಾಗಲಿಲ್ಲ. ಆದರೆ ಪ್ರಯಾಣಿಕರನ್ನೇ ನಂಬಿದ್ದ ಚನ್ನಪಟ್ಟಣದ ಗೊಂಬೆ ಅಂಗಡಿಗಳು, ಮದ್ದೂರು ವಡೆಯ ಹೋಟೆಲುಗಳು ಮುಂತಾದ ರಸ್ತೆಬದಿಯ ವ್ಯಾಪಾರಕ್ಕೆ ಹೊಡೆತ ಬಿದ್ದಿತು. ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೊರಿಕ್ಷಾ, ಟ್ರ್ಯಾಕ್ಟರುಗಳ ಸಂಚಾರವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದ್ದು, ಅವು ಸೇವಾ ರಸ್ತೆಗಳನ್ನು ಬಳಸಬೇಕಾಗಿದೆ.

## ಸಂಖ್ಯೆಯ ಕಾನೂನು ಮಹತ್ವ

ಹೆದ್ದಾರಿಯ ವರ್ಗ ಮತ್ತು ಸಂಖ್ಯೆಗಳು ಜನಜೀವನವನ್ನು ಹಲವು ರೀತಿಯಲ್ಲಿ ಮುಟ್ಟುತ್ತವೆ.

- ಭೂಸ್ವಾಧೀನ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಪಡೆಯುವಾಗ 1956ರ ಅಧಿನಿಯಮದ ಕಲಂ 3ಎ ಅಡಿಯಲ್ಲಿ ಉದ್ದೇಶದ ಅಧಿಸೂಚನೆಯೂ ಕಲಂ 3ಡಿ ಅಡಿಯಲ್ಲಿ ಸ್ವಾಧೀನದ ಘೋಷಣೆಯೂ ಹೊರಡುತ್ತವೆ. ಇವುಗಳಲ್ಲಿ ಹೆದ್ದಾರಿಯ ಸಂಖ್ಯೆ, ಕಿಲೋಮೀಟರ್ ವ್ಯಾಪ್ತಿ, ಗ್ರಾಮ ಮತ್ತು ಸರ್ವೆ ನಂಬರುಗಳಿರುತ್ತವೆ. ಮರುಸಂಖ್ಯೀಕರಣಕ್ಕೆ ಮುಂಚಿನ ಅಧಿಸೂಚನೆಯಲ್ಲಿ ಹಳೆಯ ಸಂಖ್ಯೆಯೂ ನಂತರದ ಪರಿಹಾರದ ಕಾಗದಗಳಲ್ಲಿ ಹೊಸ ಸಂಖ್ಯೆಯೂ ಇರಬಹುದು. ಜಮೀನು ಒಂದೇ ಎಂಬುದನ್ನು ಗ್ರಾಮ ಮತ್ತು ಸರ್ವೆ ನಂಬರಿನಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ.
- ಹೆದ್ದಾರಿಯಂಚಿನ ನಿರ್ಬಂಧಗಳು. ರಾಷ್ಟ್ರೀಯ ಹೆದ್ದಾರಿಯ ಜಾಗದ ಒತ್ತುವರಿಯನ್ನು ತಡೆಯಲು 2002ರ ಪ್ರತ್ಯೇಕ ಅಧಿನಿಯಮವಿದೆ. ಹೆದ್ದಾರಿಯ ವರ್ಗಕ್ಕೆ ತಕ್ಕಂತೆ ಕಟ್ಟಡಗಳು ಎಷ್ಟು ಹಿಂದೆ ಸರಿದಿರಬೇಕೆಂಬ ನಿಯಮಗಳೂ ಅನ್ವಯವಾಗುತ್ತವೆ.
- ಸುಂಕ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬಳಕೆದಾರರ ಶುಲ್ಕವನ್ನು 2008ರ ಶುಲ್ಕ ನಿಯಮಗಳು ನಿರ್ಧರಿಸುತ್ತವೆ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ.
- ಮದ್ಯದಂಗಡಿಗಳು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಸಲ್ಲದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್‌ನಲ್ಲಿ ಆದೇಶಿಸಿದಾಗ, ಒಂದು ರಸ್ತೆ 'ಹೆದ್ದಾರಿ' ಹೌದೋ ಅಲ್ಲವೋ ಎಂಬುದೇ ದೇಶದಾದ್ಯಂತ ದೊಡ್ಡ ಪ್ರಶ್ನೆಯಾಯಿತು. ಕೆಲವು ರಾಜ್ಯಗಳು ನಗರದೊಳಗಿನ ಹೆದ್ದಾರಿಗಳ ವರ್ಗವನ್ನೇ ಬದಲಿಸಲು ಮುಂದಾದವು. ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ಆದೇಶ ಅನ್ವಯಿಸದೆಂದು 2017ರಲ್ಲಿ ನ್ಯಾಯಾಲಯವು ಸ್ಪಷ್ಟಪಡಿಸಿತು.
- ವನ್ಯಜೀವಿ ಸಂರಕ್ಷಣೆ. ಬಂಡೀಪುರದ ಅರಣ್ಯದೊಳಗೆ ಹಾದುಹೋಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನಸಂಚಾರ ನಿಷೇಧವು 2009ರಲ್ಲಿ ಜಾರಿಗೆ ಬಂದಿತು. ಆಗಿನ ಆದೇಶಗಳಲ್ಲಿ ಬರುವ 212 ಮತ್ತು 67 ಎಂಬ ಸಂಖ್ಯೆಗಳು ಇಂದಿನ 766 ಮತ್ತು 181. ಹೊಸ ಸಂಖ್ಯೆಯನ್ನಷ್ಟೇ ಬಲ್ಲವರು ಆ ಆದೇಶವನ್ನು ಓದಿದರೆ ನಿಷೇಧವು ಹುಬ್ಬಳ್ಳಿ–ಬಳ್ಳಾರಿ ಹೆದ್ದಾರಿಗೆ ಸಂಬಂಧಿಸಿದ್ದೆಂದು ತಪ್ಪಾಗಿ ತಿಳಿಯುವ ಸಂಭವವಿದೆ.

## ದಾಖಲೆಗಳಲ್ಲಿ ಗುರುತಿಸುವ ಕ್ರಮ

ಹೊಸ ಸಂಖ್ಯೆಗಳು 2010ರಲ್ಲಿ ಅಧಿಸೂಚಿತವಾದರೂ ಫಲಕಗಳು, ಕಿಲೋಮೀಟರ್ ಕಲ್ಲುಗಳು ಮತ್ತು ಕಚೇರಿಯ ಕಡತಗಳು ಒಮ್ಮೆಲೇ ಬದಲಾಗಲಿಲ್ಲ. ಬಹುಕಾಲ 'ಹಳೆಯ ರಾ.ಹೆ. 4, ಹೊಸ ರಾ.ಹೆ. 48' ಎಂದು ಎರಡನ್ನೂ ಬರೆಯುವ ರೂಢಿಯಿತ್ತು. ಕೇವಲ ಒಂದು ಸಂಖ್ಯೆ ಇರುವ ಕಡೆ ದಾಖಲೆಯ ವರ್ಷವನ್ನೂ ಅದರಲ್ಲಿ ಹೆಸರಿಸಿರುವ ಎರಡು ಊರುಗಳನ್ನೂ ನೋಡಿದರೆ ರಸ್ತೆ ಯಾವುದೆಂದು ತಿಳಿಯುತ್ತದೆ. 2014ರ ನವೆಂಬರ್ 1ರಂದು 12 ನಗರಗಳ ಅಧಿಕೃತ ಹೆಸರುಗಳೂ ಬದಲಾದ್ದರಿಂದ ಹಳೆಯ ಕಾಗದಗಳ ಬಿಜಾಪುರ, ಗುಲ್ಬರ್ಗ, ಬೆಳಗಾಂಗಳನ್ನು ವಿಜಯಪುರ, ಕಲಬುರಗಿ, ಬೆಳಗಾವಿ ಎಂದು ಗ್ರಹಿಸಬೇಕು.

ಕಿಲೋಮೀಟರ್ ಅಂಕಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ದೂರವನ್ನು ಹೆದ್ದಾರಿಯ ಆರಂಭಸ್ಥಾನದಿಂದ ಎಣಿಸುವುದರಿಂದ, ಸಂಖ್ಯೆಯೊಡನೆ ಆರಂಭಸ್ಥಾನವೂ ಬದಲಾದ ಕಡೆ ಒಂದೇ ಸ್ಥಳಕ್ಕೆ ಎರಡು ಕಿಲೋಮೀಟರ್ ಅಂಕಿಗಳು ಸಿಗಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದಾಗ ಸಹಾಯವಾಣಿ 1033ಕ್ಕೆ ಕರೆ ಮಾಡುವವರು ಹೆದ್ದಾರಿಯ ಸಂಖ್ಯೆ ಮತ್ತು ಕಲ್ಲಿನ ಮೇಲಿನ ಅಂಕಿಯ ಜೊತೆಗೆ ಹತ್ತಿರದ ಊರಿನ ಹೆಸರನ್ನೂ ತಿಳಿಸಿದರೆ ಸ್ಥಳವನ್ನು ಗುರುತಿಸುವುದು ಸುಲಭವಾಗುತ್ತದೆ.